ಟೈಟಾನಿಯಂ: ಕಾರಿನ ಯಾವ ಭಾಗಕ್ಕೆ ಬೇಕು, ಯಾವುದಕ್ಕೆ ಬೇಡ

ಟೈಟಾನಿಯಂ ವಿಷಯ ಬಂದರೆ ಸಾಕು, ‘ಉಕ್ಕಿಗಿಂತ ಗಟ್ಟಿ, ಅಲ್ಯೂಮಿನಿಯಂಗಿಂತ ಹಗುರ’ ಎಂಬ ಮಾತು ಬಂದೇ ಬರುತ್ತದೆ. ಇದರಲ್ಲಿ ಎರಡನೆಯ ಮಾತು ಪೂರ್ತಿ ತಪ್ಪು, ಮೊದಲನೆಯದು ಅರ್ಧ ತಪ್ಪು. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಅಷ್ಟೇ ಟೈಟಾನಿಯಂ 4.5 ಗ್ರಾಂ, ಉಕ್ಕು 7.8 ಗ್ರಾಂ. ಅಂದರೆ ಟೈಟಾನಿಯಂ ಉಕ್ಕಿಗಿಂತ ಹಗುರ ಹೌದು, ಆದರೆ ಅಲ್ಯೂಮಿನಿಯಂಗಿಂತ ಜಾಸ್ತಿ ಭಾರ.

ಇನ್ನು ಗಟ್ಟಿತನ. ಕಾರು, ವಿಮಾನ ಎರಡರಲ್ಲೂ ಹೆಚ್ಚು ಬಳಕೆಯಲ್ಲಿರುವುದು ಶುದ್ಧ ಟೈಟಾನಿಯಂ ಅಲ್ಲ. ಅದಕ್ಕೆ 6% ಅಲ್ಯೂಮಿನಿಯಂ, 4% ವನಾಡಿಯಂ ಸೇರಿಸಿದ ಮಿಶ್ರಲೋಹ. ಇದನ್ನು ಗ್ರೇಡ್ 5 ಎಂದು ಕರೆಯುತ್ತಾರೆ. ಇದರಲ್ಲಿ ಒಂದು ಚದರ ಮಿಲಿಮೀಟರ್ ದಪ್ಪದ ತಂತಿ ಎಳೆದರೆ, ಅದು ಸುಮಾರು 90 ಕೆಜಿ ತೂಕದವರೆಗೆ ತಡೆದುಕೊಂಡು ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಗೇಟು, ಕಿಟಕಿ ಸರಳಿಗೆ ಬಳಸುವ ಸಾಮಾನ್ಯ ಮೈಲ್ಡ್ ಸ್ಟೀಲ್ 25 ಕೆಜಿ ಆಸುಪಾಸಿನಲ್ಲೇ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಆದರೆ ಕಾಯಿಸಿ ಹದಗೊಳಿಸಿದ ಒಳ್ಳೆಯ ಮಿಶ್ರ ಉಕ್ಕು ಇದೆಯಲ್ಲ, ಅದು 100 ಕೆಜಿಯನ್ನೂ ಸುಲಭವಾಗಿ ದಾಟುತ್ತದೆ. ಹಾಗಾಗಿ ‘ಉಕ್ಕಿಗಿಂತ ಗಟ್ಟಿ’ ಅನ್ನುವವರನ್ನು ಯಾವ ಉಕ್ಕಿಗಿಂತ ಅಂತ ಕೇಳಲೇಬೇಕು.

ಟೈಟಾನಿಯಂನ ನಿಜವಾದ ಬಲ ಇರುವುದು ತೂಕದ ಲೆಕ್ಕದಲ್ಲಿ. ಒಳ್ಳೆಯ ಉಕ್ಕಿನ ಹತ್ತಿರಹತ್ತಿರ ಶಕ್ತಿ, ಆದರೆ ತೂಕ ಉಕ್ಕಿನ ಶೇ 57ರಷ್ಟು ಮಾತ್ರ. ಜೊತೆಗೆ ತುಕ್ಕು ಹಿಡಿಯುವುದಿಲ್ಲ. ಅಲ್ಯೂಮಿನಿಯಂ 200 ಡಿಗ್ರಿ ದಾಟಿದರೆ ಸೋತುಹೋಗುತ್ತದೆ, ಗ್ರೇಡ್ 5 ಟೈಟಾನಿಯಂ 400 ಡಿಗ್ರಿವರೆಗೂ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಒಳ್ಳೆಯ ಗುಣ ಇದ್ದ ಮೇಲೆ ಇಡೀ ಕಾರನ್ನೇ ಇದರಲ್ಲಿ ಮಾಡಬಹುದಲ್ವಾ? ಜನರಲ್ ಮೋಟಾರ್ಸ್ ಕಂಪನಿ 1956ರಲ್ಲಿ ‘ಫೈರ್‌ಬರ್ಡ್ 2’ ಎಂಬ ಪ್ರದರ್ಶನದ ಕಾರಿಗೆ ಟೈಟಾನಿಯಂ ಮೈಯನ್ನೇ ತೊಡಿಸಿತ್ತು. ಅದು ಪ್ರದರ್ಶನಕ್ಕಷ್ಟೇ ಉಳಿಯಿತು. ಬೆಲೆ ಒಂದು ಕಾರಣ, ಸರಿ. ಅದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಒಂದು ವಸ್ತು ಮುರಿಯದೆ ಇರುವುದು ಬೇರೆ, ಬಾಗದೆ ಇರುವುದು ಬೇರೆ. ಕಾರಿನ ಮೈಕಟ್ಟಿಗೆ, ಅಂದರೆ ಚಾಸಿಗೆ, ಬೇಕಾಗಿರುವುದು ಬಾಗದೆ, ತಿರುಚದೆ ಇರುವ ಬಿಗಿ. ಈ ಬಿಗಿಯನ್ನು ಎಂಜಿನಿಯರುಗಳು ಗಿಗಾಪ್ಯಾಸ್ಕಲ್‌ನಲ್ಲಿ ಅಳೆಯುತ್ತಾರೆ. ಉಕ್ಕಿಗೆ ಸುಮಾರು 205, ಗ್ರೇಡ್ 5 ಟೈಟಾನಿಯಂಗೆ 114, ಅಲ್ಯೂಮಿನಿಯಂಗೆ 70. ಈಗ ಈ ಮೂರು ಸಂಖ್ಯೆಗಳನ್ನು ಆಯಾ ಲೋಹದ ಸಾಂದ್ರತೆಯಿಂದ ಭಾಗಿಸಿ ನೋಡಿ. ಉಕ್ಕಿಗೆ 26 ಬರುತ್ತದೆ. ಅಲ್ಯೂಮಿನಿಯಂಗೆ 26. ಟೈಟಾನಿಯಂಗೆ 25, ಹೆಚ್ಚುಕಡಿಮೆ ಅಷ್ಟೇ! ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ನನಗೆ ಅಚ್ಚರಿ ಕಡಿಮೆಯಾಗುವುದಿಲ್ಲ. ಒಂದು ಸರಳು ಎಳೆತಕ್ಕೆ ಹಿಗ್ಗಬಾರದು ಅನ್ನುವುದಷ್ಟೇ ಗುರಿಯಾದರೆ, ಮೂರು ಲೋಹದಲ್ಲಿ ಯಾವುದರಲ್ಲಿ ಮಾಡಿದರೂ ಹೆಚ್ಚುಕಡಿಮೆ ಒಂದೇ ತೂಕ. ಹತ್ತಾರು ಪಟ್ಟು ದುಡ್ಡು ಕೊಟ್ಟು ಟೈಟಾನಿಯಂ ತಂದರೆ ಅಲ್ಲಿ ಏನೂ ಸಿಗುವುದಿಲ್ಲ. ಬಾಗುವ ಜಾಗದಲ್ಲಂತೂ ದಪ್ಪವಾಗಿ ಮಾಡಬಹುದಾದ ಅಲ್ಯೂಮಿನಿಯಮ್ಮೇ ಮೇಲು.

ಹಾಗಾದರೆ ಟೈಟಾನಿಯಂಗೆ ಸರಿಯಾದ ಜಾಗ ಯಾವುದು? ವಿಪರೀತ ವೇಗದಲ್ಲಿ ಹೋಗಿ ಬಂದು ಮಾಡುವ ಭಾಗಗಳು. ಅದರಲ್ಲೂ ಕನೆಕ್ಟಿಂಗ್ ರಾಡ್.

ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ, ಕ್ರ್ಯಾಂಕ್ ಗುಂಡಗೆ ತಿರುಗುತ್ತದೆ. ಇವೆರಡನ್ನು ಜೋಡಿಸುವುದೇ ಕನೆಕ್ಟಿಂಗ್ ರಾಡ್. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಬೀಳುವ ಒತ್ತಡವೇ ಅದಕ್ಕೆ ದೊಡ್ಡ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಕಡಿಮೆ ವೇಗದಲ್ಲಿ ಅದು ನಿಜ. ವೇಗ ಏರಿದಂತೆಲ್ಲ ರಾಡನ್ನು ಕಾಡುವುದು ಪಿಸ್ಟನ್ನಿನ ತೂಕ ಮತ್ತು ತನ್ನದೇ ತೂಕ. ಒಂದು ಸುತ್ತಿಗೆಯನ್ನು ಕೈಯಲ್ಲಿ ಹಿಡಿದು ಬೇಗಬೇಗ ಮುಂದಕ್ಕೆ ಹಿಂದಕ್ಕೆ ಆಡಿಸಿ ನೋಡಿ. ನೋವಾಗುವುದು ಸುತ್ತಿಗೆ ಸಾಗುವಾಗ ಅಲ್ಲ, ಅದನ್ನು ನಿಲ್ಲಿಸಿ ತಿರುಗಿಸುವಾಗ.

1990ರಲ್ಲಿ ಬಂದ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನೇ ತಗೊಳ್ಳಿ. ಟೈಟಾನಿಯಂ ಕನೆಕ್ಟಿಂಗ್ ರಾಡ್ ಹಾಕಿ ಮಾರಾಟಕ್ಕೆ ಬಂದ ಮೊದಲ ಕಾರು ಅದು. (ಅದಕ್ಕೂ ಮುಂಚೆ ಹೋಂಡಾ ತನ್ನ ಆರ್‌ಸಿ30 ಬೈಕಿನಲ್ಲಿ ಇದನ್ನು ಬಳಸಿ ನೋಡಿತ್ತು.) 3 ಲೀಟರ್, ಆರು ಸಿಲಿಂಡರ್ ಎಂಜಿನ್. ಪಿಸ್ಟನ್ ಒಂದು ಸಲ ಸಾಗುವ ದೂರ 78 ಮಿಲಿಮೀಟರ್, ಗರಿಷ್ಠ ವೇಗ ನಿಮಿಷಕ್ಕೆ 8,000 ಸುತ್ತು. ಅಂದರೆ ಸೆಕೆಂಡಿಗೆ 133 ಸುತ್ತು. ಪ್ರತಿ ಸುತ್ತಿನಲ್ಲಿ ಪಿಸ್ಟನ್ ಎರಡು ಸಲ ನಿಂತು ತಿರುಗಬೇಕು, ಅಂದರೆ ಸೆಕೆಂಡಿಗೆ 266 ಸಲ. ಅದು ಮೇಲ್ತುದಿ ಮುಟ್ಟಿ ಕೆಳಕ್ಕೆ ತಿರುಗುವ ಕ್ಷಣದ ಎಳೆತವನ್ನು ಲೆಕ್ಕ ಹಾಕಿದರೆ ಗುರುತ್ವಾಕರ್ಷಣೆಯ ಸುಮಾರು 3,500 ಪಟ್ಟು ಬರುತ್ತದೆ. ಆ ತುದಿಯಲ್ಲಿರುವ ಬರೀ 100 ಗ್ರಾಂ ಲೋಹ ಆ ಕ್ಷಣಕ್ಕೆ 350 ಕೆಜಿಯಷ್ಟು ಎಳೆಯುತ್ತದೆ!

ಇಲ್ಲೊಂದು ವಿಷವರ್ತುಲ ಇದೆ. ಎಂಜಿನ್ ವೇಗವನ್ನು ಹತ್ತು ಪರ್ಸೆಂಟ್ ಏರಿಸಿದರೆ ಈ ಎಳೆತ ಇಪ್ಪತ್ತೊಂದು ಪರ್ಸೆಂಟ್ ಏರುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ತಡೆಯಲಿ ಅಂತ ರಾಡನ್ನು ದಪ್ಪ ಮಾಡಿದರೆ ತೂಕ ಏರುತ್ತದೆ. ತೂಕ ಏರಿದರೆ ಎಳೆತ ಇನ್ನಷ್ಟು ಏರುತ್ತದೆ. ಶಕ್ತಿ ಕಡಿಮೆ ಮಾಡದೆ ತೂಕವನ್ನಷ್ಟೇ ಇಳಿಸುವ ಲೋಹ ಸಿಕ್ಕರೆ ಮಾತ್ರ ಈ ಸುತ್ತಿನಿಂದ ಹೊರಗೆ ಬರಬಹುದು. ಟೈಟಾನಿಯಂ ಕೊಡುವುದು ಅದನ್ನೇ. ರಾಡಿನ ಕೆಳತುದಿ ಹಗುರವಾದರೆ ಬೇರಿಂಗ್ ಮೇಲಿನ ಭಾರವೂ ಇಳಿಯುತ್ತದೆ, ಕ್ರ್ಯಾಂಕಿನ ಮೇಲಿನ ಸಮತೂಕದ ಗುಂಡುಗಳನ್ನೂ ಚಿಕ್ಕದು ಮಾಡಬಹುದು. ಒಂದು ಕಡೆ ಉಳಿಸಿದ ಗ್ರಾಂ ಇನ್ನೆರಡು ಕಡೆ ಉಳಿತಾಯ ತರುತ್ತದೆ.

ಪೋರ್ಷೆ 911 ಜಿಟಿ3 ಕಾರಿನ 9,000 ಸುತ್ತಿನ ಎಂಜಿನ್ನು, ಕಾರ್ವೆಟ್ ಜೆಡ್06ರ 2006ರ 7 ಲೀಟರ್ ಎಂಜಿನ್ನು, ಅದೇ ಕಾರಿನ 2023ರ ಪೀಳಿಗೆಯ 8,600 ಸುತ್ತಿನ 5.5 ಲೀಟರ್ ಎಂಜಿನ್ನು ಎಲ್ಲದರಲ್ಲೂ ಇರುವುದು ಟೈಟಾನಿಯಂ ರಾಡುಗಳೇ. ಹಾಗಂತ ಇದಿಲ್ಲದೆ ಆಗುವುದೇ ಇಲ್ಲ ಅಂತಲ್ಲ. ಅದೇ ಹೋಂಡಾ 1999ರಲ್ಲಿ ತಂದ ಎಸ್2000 ಕಾರು 9,000 ಸುತ್ತು ಮುಟ್ಟಿದ್ದು ಉಕ್ಕಿನ ರಾಡುಗಳಿಂದಲೇ. ಸಿಲಿಂಡರ್ ಸಣ್ಣದಿದ್ದು, ಉಕ್ಕನ್ನು ಚೆನ್ನಾಗಿ ಹದ ಮಾಡಿದರೆ ಅದೂ ಸಾಧ್ಯ. ಪಿಸ್ಟನ್ ದೊಡ್ಡದಾಗಿ, ವೇಗವೂ ಜಾಸ್ತಿ ಬೇಕಾದಾಗ ಟೈಟಾನಿಯಂನ ಬೆಲೆ ಸಾರ್ಥಕವಾಗುತ್ತದೆ.

ಟೈಟಾನಿಯಂ ರಾಡನ್ನು ಸಾಕುವುದೂ ಸುಲಭವಲ್ಲ. ಈ ಲೋಹ ಇನ್ನೊಂದು ಲೋಹಕ್ಕೆ ಉಜ್ಜಿದರೆ ಅದಕ್ಕೆ ಅಂಟಿಕೊಂಡು ಕಿತ್ತು ಬರುವ ಸ್ವಭಾವದ್ದು. ಅದಕ್ಕೆ ಕ್ರ್ಯಾಂಕಿಗೆ ತಾಗುವ ಬದಿಗಳಿಗೆ ಗಟ್ಟಿ ಲೇಪನ ಕೊಡಬೇಕು. ಮೇಲ್ಮೈಯಲ್ಲಿ ಒಂದು ಸಣ್ಣ ಗೀರು ಬಿದ್ದರೂ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಹಾಗಾಗಿ ಉಕ್ಕಿನ ರಾಡಿನ ಮೇಲೆ ಸಿಲಿಂಡರ್ ನಂಬರನ್ನು ಪಂಚ್ ಹೊಡೆದು ಗುರುತು ಮಾಡುವ ಹಳೆಯ ಅಭ್ಯಾಸವನ್ನು ಇಲ್ಲಿ ಮಾಡಬಾರದು.

ವಾಲ್ವಿನ ಕಥೆಯೂ ಇದೇ ದಾರಿಯದು. ಕ್ಯಾಮ್ ಎಂಬ ಉಬ್ಬು ತುಂಡು ತಿರುಗುತ್ತ, ಸಿಲಿಂಡರಿನ ಗಾಳಿ, ಹೊಗೆಗಳ ಬಾಗಿಲಾದ ವಾಲ್ವನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ವಾಪಸ್ ಎಳೆದು ಮುಚ್ಚುತ್ತದೆ. ವೇಗ ಮಿತಿ ಮೀರಿದರೆ ಭಾರದ ವಾಲ್ವನ್ನು ಸಮಯಕ್ಕೆ ಸರಿಯಾಗಿ ಎಳೆದುಕೊಳ್ಳಲು ಸ್ಪ್ರಿಂಗಿಗೆ ಆಗುವುದಿಲ್ಲ. ವಾಲ್ವ್ ತೆರೆದೇ ಇರುವಾಗ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಹಗುರ ವಾಲ್ವ್ ಇದ್ದರೆ ಈ ಅಪಾಯ ದೂರ. ಆ 2006ರ ಕಾರ್ವೆಟ್ಟಿನಲ್ಲಿ ಗಾಳಿ ಒಳಗೆ ಬರುವ ವಾಲ್ವುಗಳು ಟೈಟಾನಿಯಂ, ಹೊಗೆ ಹೊರಹೋಗುವ ವಾಲ್ವುಗಳು ಮಾತ್ರ ಒಳಗೆ ಸೋಡಿಯಂ ತುಂಬಿದ ಉಕ್ಕು. ಕಾರಣ ಶಾಖ. ಹೊಗೆಯ ಕಡೆಯ ವಾಲ್ವ್ ಕೆಂಡದಂತೆ ಕಾಯುತ್ತದೆ, ಸಾಮಾನ್ಯ ಟೈಟಾನಿಯಂ ಅಷ್ಟು ಬಿಸಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ಟೊಯೋಟಾ 1998ರ ಆಲ್ಟೆಜಾ ಕಾರಿನಲ್ಲಿ ಈ ತೊಡಕನ್ನೂ ಬಿಡಿಸಿತು. ಟೈಟಾನಿಯಂ ಪುಡಿಗೆ ಬೋರಾನ್ ಸಂಯುಕ್ತ ಬೆರೆಸಿ, ಒತ್ತಿ ಸುಟ್ಟು ಮಾಡಿದ ವಾಲ್ವುಗಳನ್ನು ಹೊಗೆಯ ಕಡೆಗೂ ಹಾಕಿತು.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸಸ್ಪೆನ್ಷನ್ ಸ್ಪ್ರಿಂಗ್. ಟೈಟಾನಿಯಂ ಉಕ್ಕಿಗಿಂತ ಸುಲಭವಾಗಿ ಬಾಗುತ್ತದೆ ಅಂದೆವಲ್ಲ, ಚಾಸಿಗೆ ಅದೇ ಕೊರತೆ. ಆದರೆ ಸ್ಪ್ರಿಂಗಿನ ಕೆಲಸವೇ ಬಾಗುವುದು! ಸುರುಳಿ ಸ್ಪ್ರಿಂಗಿನ ತಂತಿ ಒಳಗೊಳಗೇ ತಿರುಚುತ್ತದೆ. ತಿರುಚುವಿಕೆಗೆ ಟೈಟಾನಿಯಂ ಒಡ್ಡುವ ತಡೆ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಾಗಿ ಅದೇ ದಪ್ಪದ ತಂತಿಯಲ್ಲಿ, ಅದೇ ಮೃದುತ್ವದ ಸ್ಪ್ರಿಂಗ್ ಮಾಡಲು ಸುರುಳಿಗಳ ಸಂಖ್ಯೆ ಸುಮಾರು ಅರ್ಧದಷ್ಟೇ ಸಾಕು. ತಂತಿ ಗಿಡ್ಡವಾಯಿತು, ಲೋಹವೂ ಹಗುರ. ಎರಡೂ ಸೇರಿ ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸ್ಪ್ರಿಂಗ್ ಗಿಡ್ಡವಾದ್ದರಿಂದ ಕಾರಿನಲ್ಲಿ ಜಾಗವೂ ಉಳಿಯುತ್ತದೆ. ಚಕ್ರದ ಜೊತೆ ಕುಣಿಯುವ ಭಾಗಗಳ ತೂಕ ಇಳಿದಷ್ಟೂ ಗುಂಡಿ ರಸ್ತೆಯಲ್ಲಿ ಚಕ್ರ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಇಂಥ ಸ್ಪ್ರಿಂಗನ್ನು ಮಾರಾಟದ ಕಾರಿಗೆ ಮೊದಲು ಹಾಕಿದ್ದು ಯಾವುದೋ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರಿಗಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯ ಲೂಪೋ ಎಫ್‌ಎಸ್‌ಐ ಎಂಬ ಪುಟ್ಟ ಕಾರಿನ ಹಿಂದಿನ ಚಕ್ರಗಳಿಗೆ. ಪೆಟ್ರೋಲ್ ಉಳಿಸಲು ಒಂದೊಂದು ಕಿಲೋ ಲೆಕ್ಕ ಹಾಕಿ ಕಟ್ಟಿದ ಕಾರು ಅದು.

ಸೈಲೆನ್ಸರ್ ಮಾತ್ರ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಟೈಟಾನಿಯಂ ಭಾಗ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಕಂಪನಿಯೇ ಟೈಟಾನಿಯಂ ಸೈಲೆನ್ಸರ್ ಕೊಟ್ಟಿದ್ದು 2001ರ ಕಾರ್ವೆಟ್ ಜೆಡ್06ರಲ್ಲಿ. ಬಿಸಿ, ತೇವ, ಆಮ್ಲ ಮೂರೂ ಇರುವ ಜಾಗ ಅದು. ತುಕ್ಕು ಹಿಡಿಯದ ಹಗುರ ಲೋಹಕ್ಕೆ ಒಪ್ಪುವ ಕೆಲಸ. ಇಲ್ಲಿ ಕಾಣುವ ಹೊಂಬಣ್ಣ, ನೇರಳೆ, ನೀಲಿ ಬಣ್ಣಗಳು ಪೇಂಟ್ ಅಲ್ಲ. ಬಿಸಿಯಾದ ಟೈಟಾನಿಯಂ ಮೇಲೆ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ. ಪದರದ ಮೇಲ್ಮೈಯಿಂದ ವಾಪಸಾಗುವ ಬೆಳಕೂ, ಅದರ ತಳದಿಂದ ವಾಪಸಾಗುವ ಬೆಳಕೂ ಕೂಡಿಕೊಂಡಾಗ ಕೆಲವು ಬಣ್ಣ ಅಳಿದು ಕೆಲವು ಉಳಿಯುತ್ತವೆ. ಪದರ ದಪ್ಪವಾದಂತೆ ಬಣ್ಣ ಹೊಂಬಣ್ಣದಿಂದ ನೇರಳೆಗೆ, ನೀಲಿಗೆ ಸಾಗುತ್ತದೆ. ವೆಲ್ಡಿಂಗ್ ಮಾಡುವವರು ಈ ಬಣ್ಣ ನೋಡಿಯೇ ಬೆಸುಗೆಯ ಗುಣ ಹೇಳುತ್ತಾರೆ. ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ ಹೀರಿ ಪೆಡಸಾಗುತ್ತದೆ. ಅದಕ್ಕೆ ಪೈಪಿನ ಒಳಗೂ ಹೊರಗೂ ಆರ್ಗಾನ್ ಅನಿಲ ಹಾಯಿಸಿ ಬೆಸೆಯಬೇಕು. ಬೆಸುಗೆ ಬೆಳ್ಳಿಯಂತೆ ಹೊಳೆದರೆ ಒಳ್ಳೆಯದು. ಬೂದು ಬಣ್ಣಕ್ಕೆ ತಿರುಗಿ ಬಿಳಿ ಪುಡಿ ಕಂಡರೆ ಅದು ಕೆಟ್ಟ ಹಾಗೆಯೇ ಲೆಕ್ಕ.

ನಮ್ಮ ಅಂಗಡಿಗಳಲ್ಲಿ ‘ಟೈಟಾನಿಯಂ’ ಅಂತ ನೀಲಿ ಬಣ್ಣ ಬರಿಸಿದ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳೂ ಮಾರಾಟವಾಗುತ್ತವೆ. ಸ್ಟೀಲಿಗೂ ಬಿಸಿ ಮಾಡಿ ಇಂಥದೇ ಬಣ್ಣ ತರಿಸಬಹುದು. ಇನ್ನೊಂದು ವಿಷಯ. ಕಂಪನಿ ಕೊಟ್ಟ ಸೈಲೆನ್ಸರ್ ತೆಗೆದು ಸದ್ದು ಮಾಡುವ ಬೇರೆಯದನ್ನು ಹಾಕಿದರೆ, ಅದು ಅಸಲಿ ಟೈಟಾನಿಯಂ ಆಗಿದ್ದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪೇ. ಅಕ್ಕಪಕ್ಕದ ಮನೆಯ ಮಕ್ಕಳ, ವಯಸ್ಸಾದವರ ನಿದ್ದೆಯನ್ನೂ ನೆನಪಿಡಿ.

ಬ್ರೇಕಿನಲ್ಲಿ ಟೈಟಾನಿಯಂಗೆ ಒಂದು ವಿಚಿತ್ರ ಸ್ಥಾನ. ಡಿಸ್ಕ್ ಮಾಡಲು ಅದು ಬೇಡ. ಇದು ಶಾಖವನ್ನು ಬೇಗ ಹರಿಯಬಿಡದ ಲೋಹ, ಉಕ್ಕಿನ ಆರೇಳರಲ್ಲಿ ಒಂದು ಪಾಲಿನಷ್ಟು ಮಾತ್ರ ಸಾಗಿಸುತ್ತದೆ. ಅದೇ ಗುಣ, ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್ ಒಳಗಿನ ಪಿಸ್ಟನ್ನಿಗೆ ವರ. ಪ್ಯಾಡಿನ ಬಿಸಿ ಬ್ರೇಕ್ ಆಯಿಲಿಗೆ ದಾಟದಂತೆ ಅದು ತಡೆಯುತ್ತದೆ. ಆಯಿಲ್ ಕುದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ, ಗೊತ್ತಲ್ಲ. ಬುಗಾಟಿ ಕಂಪನಿ 2018ರಲ್ಲಿ ಇಡೀ ಕ್ಯಾಲಿಪರನ್ನೇ ಟೈಟಾನಿಯಂ ಪುಡಿಯಿಂದ 3ಡಿ ಪ್ರಿಂಟ್ ಮಾಡಿ ತೋರಿಸಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಾಲ್ಕು ಲೇಸರ್ ಇರುವ ಯಂತ್ರ 45 ಗಂಟೆ ಓಡಿ, 2,213 ಪದರಗಳನ್ನು ಒಂದರ ಮೇಲೊಂದು ಕರಗಿಸಿ ಕೂಡಿಸಿತು. 41 ಸೆಂಟಿಮೀಟರ್ ಉದ್ದದ, ಎಂಟು ಪಿಸ್ಟನ್ನಿನ ಆ ಕ್ಯಾಲಿಪರ್ ತೂಗಿದ್ದು 2.9 ಕೆಜಿ. ಅದರ ಜಾಗದಲ್ಲಿದ್ದ ಅಲ್ಯೂಮಿನಿಯಂ ಕ್ಯಾಲಿಪರ್ 4.9 ಕೆಜಿ ಇತ್ತು. ಭಾರದ ಲೋಹದಿಂದ ಹಗುರ ಭಾಗ ಬಂದಿದ್ದು ಹೇಗೆ? ಶಕ್ತಿ ಜಾಸ್ತಿ ಇರುವುದರಿಂದ ಗೋಡೆಗಳನ್ನು ತೆಳ್ಳಗೆ ಮಾಡಬಹುದು. ಬೇಡದ ಕಡೆ ಟೊಳ್ಳು ಬಿಡುವುದು ಪ್ರಿಂಟಿಂಗಿನಲ್ಲಿ ಸುಲಭ. ಅದೇ ಆಕಾರವನ್ನು ಗಟ್ಟಿ ತುಂಡಿನಿಂದ ಕೊರೆದು ತೆಗೆಯಲು ಆಗುತ್ತಿರಲಿಲ್ಲ.

ಜೀವ ಉಳಿಸಿದ ಟೈಟಾನಿಯಂ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫಾರ್ಮುಲಾ 1 ಕಾರುಗಳಲ್ಲಿ ಚಾಲಕನ ತಲೆಯ ಸುತ್ತ ಒಂದು ಕಮಾನು ಇರುತ್ತದೆ, ಹೆಸರು ಹ್ಯಾಲೊ. 2018ರಿಂದ ಅದು ಕಡ್ಡಾಯ. ಗ್ರೇಡ್ 5 ಟೈಟಾನಿಯಂ ಕೊಳವೆಯಿಂದ ಮಾಡಿದ್ದು, ತೂಕ ಸುಮಾರು 7 ಕೆಜಿ. ಹತ್ತು ಟನ್ನಿಗೂ ಹೆಚ್ಚು ಭಾರ ಹೇರಿ ಪರೀಕ್ಷೆ ಮಾಡಿದ ಮೇಲೆಯೇ ಅದನ್ನು ಕಾರಿಗೆ ಹಾಕುತ್ತಾರೆ. ನೋಡಲು ಚೆನ್ನಾಗಿಲ್ಲ ಅಂತ ಮೊದಲು ಬಹಳ ಜನ ವಿರೋಧಿಸಿದ್ದರು. 2020ರ ನವೆಂಬರ್ 29ರಂದು ಬಹರೈನ್‌ನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿಮೀ ವೇಗದಲ್ಲಿ ಕಬ್ಬಿಣದ ತಡೆಗೋಡೆಗೆ ನುಗ್ಗಿ ಎರಡು ತುಂಡಾಯಿತು, ಬೆಂಕಿ ಹತ್ತಿತು. ತಡೆಗೋಡೆಯ ಪಟ್ಟಿಗಳನ್ನು ಸೀಳಿ ಅವರ ತಲೆಗೆ ಜಾಗ ಮಾಡಿಕೊಟ್ಟಿದ್ದು ಆ ಕಮಾನೇ. ಅವರು ತಾವೇ ಬೆಂಕಿಯಿಂದ ಎದ್ದು ಹೊರಗೆ ಬಂದರು. ಇಲ್ಲಿ ಉಕ್ಕು ಆಗುತ್ತಿರಲಿಲ್ಲವೇ? ಆಗುತ್ತಿತ್ತು, ಆದರೆ ಕಾರಿನ ತೀರಾ ಮೇಲ್ಭಾಗದಲ್ಲಿ ಅಷ್ಟು ಭಾರ ಏರಿದರೆ ತಿರುವುಗಳಲ್ಲಿ ಕಾರಿನ ಹಿಡಿತ ಕೆಡುತ್ತದೆ.

ಬೆಲೆ ಯಾಕೆ ಇಷ್ಟು? ಸಾಮಾನ್ಯ ಉಕ್ಕು ಕಿಲೋಗೆ ನೂರು ರೂಪಾಯಿ ಒಳಗೇ ಸಿಗುವಾಗ, ಗ್ರೇಡ್ 5 ಟೈಟಾನಿಯಂ ಸರಳಿಗೆ ಸಾವಿರಗಳಲ್ಲಿ ಕೊಡಬೇಕು. ಲೋಹ ಅಪರೂಪದ್ದು ಅಂತಲ್ಲ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚು ಇರುವ ಮೂಲವಸ್ತುಗಳಲ್ಲಿ ಇದು ಒಂಬತ್ತನೆಯದು. ಕೇರಳದ ಕೊಲ್ಲಂ ಜಿಲ್ಲೆಯ ಚವರಾ ಕಡಲತೀರದ ಕಪ್ಪು ಮರಳಿನಲ್ಲಿ ಇಲ್ಮೆನೈಟ್ ಎಂಬ ಇದರ ಅದಿರು ಹೇರಳವಾಗಿದೆ. ಕಷ್ಟ ಇರುವುದು ಅದಿರಿನಿಂದ ಆಮ್ಲಜನಕವನ್ನು ಬಿಡಿಸುವುದರಲ್ಲಿ. ಕಬ್ಬಿಣದ ಅದಿರನ್ನು ಕಲ್ಲಿದ್ದಲಿನ ಜೊತೆ ಕುಲುಮೆಗೆ ಹಾಕಿದರೆ ಲೋಹ ಬರುತ್ತದೆ. ಟೈಟಾನಿಯಂ ಹಾಗೆ ಮಾಡಿದರೆ ಇಂಗಾಲವನ್ನೂ ಹಿಡಿದುಕೊಂಡು ಹಾಳಾಗುತ್ತದೆ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ 1930ರ ದಶಕದಲ್ಲಿ ಕಂಡುಹಿಡಿದ ಸುತ್ತುಬಳಸಿನ ದಾರಿಯೇ ಇವತ್ತಿಗೂ ಮುಖ್ಯ ದಾರಿ. ಮೊದಲು ಅದಿರನ್ನು ಕ್ಲೋರಿನ್ ಜೊತೆ ಕೂಡಿಸಿ ಹೊಗೆಯಾಡುವ ಒಂದು ದ್ರವ ಮಾಡುತ್ತಾರೆ. ಅದನ್ನು ಶುದ್ಧ ಮಾಡಿ, ಆರ್ಗಾನ್ ತುಂಬಿದ ಮುಚ್ಚಿದ ಪಾತ್ರೆಯಲ್ಲಿ, 800 ಡಿಗ್ರಿ ದಾಟಿದ ಕರಗಿದ ಮೆಗ್ನೀಷಿಯಂ ಮೇಲೆ ಬಿಡುತ್ತಾರೆ. ಮೆಗ್ನೀಷಿಯಂ ಕ್ಲೋರಿನ್ನನ್ನು ಕಸಿದುಕೊಳ್ಳುತ್ತದೆ, ರಂಧ್ರ ರಂಧ್ರವಾದ ಬೂದು ಬಣ್ಣದ ಲೋಹ ಉಳಿಯುತ್ತದೆ. ಇದನ್ನು ಸ್ಪಾಂಜ್ ಅನ್ನುತ್ತಾರೆ. ಒಂದೊಂದು ಪಾತ್ರೆಯೂ ದಿನಗಟ್ಟಲೆ ಕಾಯಬೇಕು, ಆರಬೇಕು. ಆಮೇಲೆ ಸ್ಪಾಂಜನ್ನು ಒತ್ತಿ, ನಿರ್ವಾತದಲ್ಲಿ ವಿದ್ಯುತ್ ಕಿಡಿಯಿಂದ ಒಂದೆರಡು ಸಲ ಕರಗಿಸಬೇಕು. ನಮ್ಮ ದೇಶದಲ್ಲಿ ಈ ಸ್ಪಾಂಜ್ ಕಾರ್ಖಾನೆ ಶುರುವಾಗಿದ್ದು 2011ರಲ್ಲಿ, ಅದೇ ಚವರಾದಲ್ಲಿ. ತಂತ್ರಜ್ಞಾನ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯದ್ದು, ಹಣ ಇಸ್ರೋದ್ದು. ವರ್ಷಕ್ಕೆ 500 ಟನ್ ಸಾಮರ್ಥ್ಯ. ರಾಕೆಟ್, ವಿಮಾನಗಳೇ ಮೊದಲ ಗಿರಾಕಿಗಳು.

ಅಂದಹಾಗೆ, ಜಗತ್ತಿನಲ್ಲಿ ಅಗೆಯುವ ಟೈಟಾನಿಯಂ ಅದಿರಿನ ಬಹುಪಾಲು ಲೋಹವಾಗುವುದೇ ಇಲ್ಲ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಬಣ್ಣದ ಪುಡಿಯಾಗುತ್ತದೆ. ನಿಮ್ಮ ಬೀದಿಯ ಬಿಳಿ ಕಾರಿನ ಪೇಂಟಿನಲ್ಲಿ ಇರುವುದು ಅದೇ.

ಸರಳು ಕೈಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಲೇತಿನಲ್ಲಿ ಕೊರೆಯುವಾಗ ಹುಟ್ಟುವ ಬಿಸಿ ಲೋಹದೊಳಗೆ ಹರಿಯದೆ ಟೂಲಿನ ತುದಿಯಲ್ಲೇ ನಿಲ್ಲುತ್ತದೆ. ಟೂಲ್ ಬೇಗ ಸವೆಯುತ್ತದೆ. ನಿಧಾನ ವೇಗ, ಧಾರಾಳ ಕೂಲೆಂಟ್, ಚೂಪಾದ ಟೂಲ್ ಬೇಕೇ ಬೇಕು. ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಣ ಮರಳು ಸುರಿಯಬೇಕು. ನೀರು ಹಾಕಿದರೆ ಅದರಿಂದ ಹೈಡ್ರೋಜನ್ ಬಿಡುಗಡೆಯಾಗಿ ಉರಿ ಇನ್ನೂ ಭುಗಿಲೇಳುತ್ತದೆ.

ಕೊನೆಗೆ ಬೋಲ್ಟ್. ಟೈಟಾನಿಯಂನಲ್ಲಿ ಸಾಮಾನ್ಯರ ಕೈಗೆಟುಕುವುದು ಇದೊಂದೇ, ಹಾಗಾಗಿ ಬೈಕು ಕಾರು ಪ್ರೀತಿಸುವ ಹುಡುಗರು ಇದನ್ನೇ ಮೊದಲು ಕೊಳ್ಳುತ್ತಾರೆ. ಹಾಕುವ ಮುಂಚೆ ಕೆಲವು ವಿಷಯ ತಿಳಿದಿರಲಿ. ಉಕ್ಕಿನ ಬೋಲ್ಟಿಗೆ ಬರೆದಿರುವ ಟಾರ್ಕ್ (ಎಷ್ಟು ಬಲದಿಂದ ತಿರುಗಿಸಿ ಬಿಗಿಸಬೇಕು ಅನ್ನುವ) ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಏಕೆಂದರೆ ಇದು ಹೆಚ್ಚು ಹಿಗ್ಗುತ್ತದೆ, ಇದರ ಉಜ್ಜುವಿಕೆಯೂ ಬೇರೆ. ಬೋಲ್ಟಿನ ತಿರುಪಿಗೆ (ಥ್ರೆಡ್) ಆ್ಯಂಟಿ-ಸೀಜ್ ಪೇಸ್ಟ್ ಹಚ್ಚದಿದ್ದರೆ ಕಚ್ಚಿಕೊಂಡು ಬಿಡುತ್ತದೆ, ಬಿಚ್ಚಲು ಹೋದರೆ ತಲೆ ಮುರಿಯುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಹಾಕಿ ಅಲ್ಲಿ ಮಳೆನೀರು, ಉಪ್ಪುಗಾಳಿ ಸೇರಿದರೆ ಬೋಲ್ಟಿಗೆ ಏನೂ ಆಗುವುದಿಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಬ್ರೇಕ್, ಸ್ಟೀರಿಂಗ್ ಜಾಗದ ಬೋಲ್ಟನ್ನು ಸುಮ್ನೆ ಅಂದಕ್ಕೆ ಅಂತ ಬದಲಿಸಬೇಡಿ.

ಕೊಂಡಿದ್ದು ಅಸಲಿಯೇ ಅಂತ ಮನೆಯಲ್ಲೇ ನೋಡಬಹುದು. ಆಯಸ್ಕಾಂತ ಸಾಲದು, ಅನೇಕ ಸ್ಟೇನ್‌ಲೆಸ್ ಸ್ಟೀಲುಗಳೂ ಅದಕ್ಕೆ ಅಂಟುವುದಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ತಗೊಳ್ಳಿ. ಮೊದಲು ಬೋಲ್ಟುಗಳನ್ನು ತೂಗಿ, 90 ಗ್ರಾಂ ಇದೆ ಅಂದುಕೊಳ್ಳೋಣ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಬೋಲ್ಟುಗಳನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಹಿಡಿಯಿರಿ. ಟೈಟಾನಿಯಂ ಆದರೆ ತಕ್ಕಡಿ 20 ಗ್ರಾಂ ಹತ್ತಿರ ತೋರಿಸುತ್ತದೆ, ಉಕ್ಕಾದರೆ 11 ಅಥವಾ 12, ಅಲ್ಯೂಮಿನಿಯಂ ಆದರೆ 33. ಯಾವ ಗ್ರೇಡ್ ಅನ್ನುವುದು ಮಾತ್ರ ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಮಾರುವವರ ಹತ್ತಿರ ಲೋಹದ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.